ವಿನಾಯಿತಿ ಕೋವಿಗೆ, ಬೇಟೆಗಲ್ಲ

ಕೊಡಗಿನವನೆಂದು ಗೊತ್ತಾದ ಕೂಡಲೇ ಹೊರಗಿನವರು ಕೇಳುವ ಪ್ರಶ್ನೆ ಒಂದಿದೆ: ‘ನಿಮಗೆ ಕೋವಿಗೆ ಲೈಸೆನ್ಸ್ ಬೇಡವಂತೆ, ಹೌದಾ?’ ಹೌದೆಂದರೆ ಮುಂದಿನದು ಬರುತ್ತದೆ: ‘ಹಾಗಾದರೆ ತೋಟಕ್ಕೆ ಬಂದ ಹಂದಿ ಹೊಡೆಯಬಹುದಲ್ಲ?’ ಮೊದಲನೆಯದಕ್ಕೆ ಉತ್ತರ ಕೊಡುವುದು ಒಂದು ಕಾಯ್ದೆ, ಎರಡನೆಯದಕ್ಕೆ ಬೇರೆಯೇ ಕಾಯ್ದೆ. ಅಪ್ಪ ತೀರಿಕೊಂಡ ಮೇಲೆ ತೋಟ, ಗದ್ದೆ, ಗೋಡೆಯ ಮೇಲಿನ ಒಂಟಿನಳಿಗೆಯ ತೋಟಾ ಕೋವಿ ಎಲ್ಲವೂ ನನ್ನ ಪಾಲಿಗೆ ಬಂದಾಗ ಇವೆರಡರ ನಡುವಿನ ಗೆರೆಯನ್ನು ಚೆನ್ನಾಗಿ ತಿಳಿದುಕೊಳ್ಳಬೇಕಾಯಿತು.

ನಮ್ಮದು ಭಾಗಮಂಡಲದ ಕಡೆಯ ಗೌಡ ಕುಟುಂಬ, ಜಮ್ಮಾ ಹಿಡುವಳಿ. ಅರಸರ ಕಾಲದಲ್ಲಿ ಕರೆ ಬಂದಾಗ ದಂಡಿಗೆ ಹೋಗಬೇಕೆಂಬ ಕರಾರಿನ ಮೇಲೆ ಅರ್ಧ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ ಜಮ್ಮಾ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದ ಉದ್ದಗಲಕ್ಕೂ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ನಿರಾಯುಧೀಕರಣದ ಕಾನೂನಿನಿಂದ ಹೊರಗಿಟ್ಟರು. ಸ್ವಾತಂತ್ರ್ಯಾನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಅದರ 41ನೇ ಸೆಕ್ಷನ್‌ನಡಿ 1963ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ, ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಕೊಟ್ಟಿತು. ಎರಡನೆಯ ಗುಂಪನ್ನು ಬಹಳಷ್ಟು ಜನ ಮರೆಯುತ್ತಾರೆ. ನಮ್ಮಂಥ ಗೌಡರು ಮತ್ತು ಜಮ್ಮಾ ಇರುವ ಬೇರೆ ಸಮುದಾಯದವರು ಇದರೊಳಗೆ ಬರುವುದು ಭೂಮಿಯ ಮೂಲಕ.

ಹಾಗೆಂದು ವಿನಾಯಿತಿ ಎಂದರೆ ಕಾಗದವೇ ಬೇಡವೆಂದಲ್ಲ. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪತ್ರ ಪಡೆಯಬೇಕು. ಅಪ್ಪನ ಪತ್ರದಲ್ಲಿದ್ದದ್ದು ಅಪ್ಪನ ಹೆಸರು. ಅವರು ಹೋದ ಮೇಲೂ ಕೋವಿ ಮನೆಯ ಗೋಡೆಯ ಮೇಲೇ ಇತ್ತು, ಆದರೆ ಅದನ್ನು ಇಟ್ಟುಕೊಳ್ಳುವ ಹಕ್ಕು ಯಾರ ಹೆಸರಿನಲ್ಲೂ ಇರಲಿಲ್ಲ. ಪಹಣಿ ತೆಗೆಸಿದರೆ ಅದರಲ್ಲಿ ಪಟ್ಟೇದಾರನಾಗಿ ಮುತ್ತಜ್ಜನ ಕಾಲದವರೊಬ್ಬರ ಹೆಸರು. ಅಲ್ಲಿಂದ ನನ್ನವರೆಗೆ ವಂಶವೃಕ್ಷ ಬರೆಸಿ, ಮರಣ ಪ್ರಮಾಣಪತ್ರಗಳನ್ನು ಹುಡುಕಿ, ಪಾಲುದಾರರ ಸಹಿ ಹಾಕಿಸಿ ಓಡಾಡಬೇಕಾಯಿತು. ಜಮ್ಮಾ ಕುಟುಂಬಗಳಲ್ಲಿ ಇದು ಮನೆಮನೆಯ ಕಥೆ. ಹಿರಿಯರು ಗಟ್ಟಿಯಾಗಿರುವಾಗಲೇ ವಂಶವೃಕ್ಷ ಸರಿಪಡಿಸಿಕೊಳ್ಳಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಹೂ ಮುಡಿಸಿ ಪೂಜೆ ಮಾಡುವ ಕೋವಿ ಅದು. ಹುತ್ತರಿಗೆ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಗುಂಡು ಹಾರಿಸುವುದೂ ಅದರಿಂದಲೇ. ಇಂಥ ಕೋವಿಗೆ ಹೆಸರಿಲ್ಲದ ಸ್ಥಿತಿ ಬರಬಾರದು.

ಇನ್ನು ಹಂದಿಯ ವಿಷಯ. ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಇಳಿದರೆ ಒಂದು ರಾತ್ರಿಯಲ್ಲಿ ಗದ್ದೆ ಉತ್ತು ಹಾಕಿದ ಹಾಗೆ ಆಗುತ್ತದೆ. ಮೊದಲ ವರ್ಷವೇ ಪಕ್ಕದ ತೋಟದವರೊಬ್ಬರು, ಅಟ್ಟಳಿಗೆ ಕಟ್ಟಿ ಕೂರೋಣ, ಕೋವಿ ಹೇಗೂ ಇದೆ ಎಂದರು. ದೊಡ್ಡಪ್ಪ ಒಪ್ಪಲಿಲ್ಲ. ‘ಗದ್ದೆ ನಮ್ಮದು ಮಗ, ಹಂದಿ ಸರ್ಕಾರದ್ದು’ ಎಂದರು.

ಕಾನೂನು ಇರುವುದೂ ಹಾಗೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಮೊದಲು ಬೇಟೆಗೆ ಲೈಸೆನ್ಸ್ ಕೊಡಲು ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಲೈಸೆನ್ಸೇ ಇಲ್ಲದ ಮೇಲೆ ಅದರಿಂದ ವಿನಾಯಿತಿ ಎಲ್ಲಿಂದ ಬರಬೇಕು? ರೈತನಿಗೆ ಉಳಿದಿರುವುದು 11ನೇ ಸೆಕ್ಷನ್ ಒಂದೇ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಅದು ಪ್ರಾಣಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯೆಂದು ಮನದಟ್ಟಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಆದೇಶ ಹೊರಡಿಸಬಹುದು. ಆದೇಶ ಸಿಕ್ಕಿ ಹೊಡೆದರೂ ಆ ಹಂದಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಅದೂ ಅಪರಾಧ. ಇದನ್ನು ಹೇಳಿದಾಗ ನಮ್ಮ ಊರಲ್ಲಿ ಅರ್ಧ ಜನ ನಂಬಲಿಲ್ಲ.

ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಚಿಕ್ಕಪ್ಪನ ಮಗ ಒಮ್ಮೆ ಊರಿಗೆ ಬಂದಾಗ ಅಲ್ಲಿನ ಕ್ರಮ ಹೇಳಿದ. ಅಲ್ಲಿ ಕೃಷಿಭೂಮಿಯ ಒಡೆಯ, ಅವನ ಹೆಂಡತಿ, ಅವರನ್ನು ಅವಲಂಬಿಸಿದ ಮಕ್ಕಳು ತಮ್ಮ ಜಮೀನಿನಲ್ಲಿ ಬೇಟೆಯಾಡಲು ಲೈಸೆನ್ಸ್ ಬೇಕಿಲ್ಲ. ಆದರೆ ಬೇಟೆಯ ಋತು, ಎಷ್ಟು ಪ್ರಾಣಿ ಎಂಬ ಮಿತಿ ಅವರಿಗೂ ತಪ್ಪಿದ್ದಲ್ಲ. ಜಿಂಕೆ ಹೊಡೆದರೆ ಇಲಾಖೆಗೆ ವರದಿ ಮಾಡಲೇಬೇಕು. ‘ಅಲ್ಲಿರುವ ಸೌಲಭ್ಯ ನಮಗೂ ಇದೆ ಅಂತ ಇಲ್ಲಿನ ಹುಡುಗರು ಮೊಬೈಲ್ ನೋಡಿ ನಂಬಿದ್ದಾರಲ್ಲಣ್ಣ’ ಎಂದು ಅವನಿಗೇ ಆತಂಕವಾಯಿತು.

ನನ್ನ ಆತಂಕ ಇನ್ನೂ ಒಂದಿದೆ. ಕಾಫಿ ತೋಟದಲ್ಲಿ ಸಂಜೆ ಕವಿದರೆ ಹತ್ತಾಳು ದೂರದಲ್ಲಿರುವುದು ಏನೆಂದು ಕಾಣುವುದಿಲ್ಲ. ಲೈನ್‌ಮನೆಯ ಕಾರ್ಮಿಕರು ಸೌದೆಗೋ ಅಂಗಡಿಗೋ ಅದೇ ದಾರಿಯಲ್ಲಿ ನಡೆಯುತ್ತಾರೆ. ಹಂದಿಯೆಂದುಕೊಂಡು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿಯನ್ನು ಕೊಡಗಿನವರು ಮತ್ತೆ ಮತ್ತೆ ಓದಿದ್ದಾರೆ. ಬೆಳೆ ಹೋದರೆ ಮುಂದಿನ ವರ್ಷ ಬರುತ್ತದೆ, ಜೀವ ಹೋದರೆ ಬರುವುದಿಲ್ಲ. ಅದಕ್ಕಾಗಿ ನಮ್ಮ ಮನೆಯಲ್ಲಿ ಈಗ ಕೋವಿ ಒಂದು ಬೀರುವಿನಲ್ಲಿ, ತೋಟಾ ಇನ್ನೊಂದರಲ್ಲಿ. ಕೀಲಿ ನನ್ನ ಹತ್ತಿರ. ಗದ್ದೆಗೆ ಸೋಲಾರ್ ಬೇಲಿ ಹಾಕಿಸಿದ್ದೇನೆ, ಪೂರ್ತಿ ತಡೆಯದಿದ್ದರೂ ಹಂದಿ ಬರುವುದು ಕಡಿಮೆಯಾಗಿದೆ. ನಷ್ಟವಾದಾಗ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುತ್ತೇನೆ.

ಈ ವಿನಾಯಿತಿ ಶಾಶ್ವತವೂ ಅಲ್ಲ. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ತಾರತಮ್ಯವಾಗುತ್ತಿದೆಯೆಂದು ಕೊಡಗಿನ ನಿವಾಸಿಯಾದ ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಅನಿರ್ದಿಷ್ಟ ಕಾಲದ್ದಲ್ಲ, ಷರತ್ತುಗಳಿಗೆ ಒಳಪಟ್ಟು ಹತ್ತು ವರ್ಷಕ್ಕೆ ಕೊಟ್ಟದ್ದು ಎಂಬುದನ್ನೂ ಗಮನಿಸಿತು. 2029ರಲ್ಲಿ ಮತ್ತೆ ಯಾರೋ ಕಡತ ತೆರೆಯುತ್ತಾರೆ. ವಿನಾಯಿತಿಯ ಕೋವಿಯಿಂದ ನಡೆದ ಪ್ರತಿಯೊಂದು ಕಳ್ಳಬೇಟೆಯೂ ಅಂದು ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ.

ಕಳೆದ ಗ್ರಾಮಸಭೆಯಲ್ಲಿ ನಾವು ಕೆಲವರು ಸೇರಿ ಎರಡು ಬೇಡಿಕೆ ಬರೆದುಕೊಟ್ಟೆವು. ತೀರಿಕೊಂಡವರ ಹೆಸರಿನಲ್ಲಿರುವ ವಿನಾಯಿತಿ ಪತ್ರಗಳನ್ನು ಸರಿಪಡಿಸಲು ಹೋಬಳಿಯಲ್ಲೇ ಅದಾಲತ್ ಮಾಡಬೇಕು. ಬೆಳೆಹಾನಿ ಮಾಡುವ ಹಂದಿಯ ಬಗ್ಗೆ ಕೊಟ್ಟ ಅರ್ಜಿಗೆ, ಹೌದೋ ಅಲ್ಲವೋ, ತೆನೆ ಬಲಿಯುವ ಮೊದಲೇ ಲಿಖಿತ ಉತ್ತರ ಬರಬೇಕು.