ಸಪ್ತಾಪುರಕ್ಕೆ ಹೋಗುವ ಮುನ್ನ

ಬೈಲಹೊಂಗಲ

ತಂಗಿ,

ನೀನು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸಿಗೆ ಹೆಸರು ಹಚ್ಚಿದ ಸುದ್ದಿ ನಿಮ್ಮಪ್ಪನಿಂದ ತಿಳಿಯಿತು. ಹೇಳುವಾಗ ಅವರಿಗೆ ನೆಮ್ಮದಿ, ಕೇಳುವಾಗ ನನಗೆ ಸಿಟ್ಟು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಪೂರ್ತಿ ಇಳಿದಿಲ್ಲ.

ಎಫ್‌ಡಿಎ, ಪಿಡಿಒ ನೌಕರಿಯನ್ನು ನಾನು ಹಗುರ ಮಾಡುತ್ತಿಲ್ಲ. ರಾಮದುರ್ಗದ ನಿಮ್ಮ ಮಗ್ಗದ ಮನೆಯಲ್ಲಿ ತಿಂಗಳ ಪಗಾರಕ್ಕೆ ಎಷ್ಟು ಬೆಲೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂ.ಎಸ್‌ಸಿ. ಮುಗಿಸಿ ನಾನು ಕಿತ್ತೂರಿನಲ್ಲಿ ಮೇಷ್ಟ್ರಾದದ್ದೂ ಪಗಾರಕ್ಕೇ. ಅಪ್ಪ ತೀರಿಕೊಂಡಿದ್ದರು. ಸವದತ್ತಿ ಕಡೆಯ ಹೊಲ ಮಳೆ ನಂಬಿದ್ದು, ತಂಗಿಯರ ಮದುವೆ ಬಾಕಿ. ವಿಚಾರ ಮಾಡಲು ಏನೂ ಇರಲಿಲ್ಲ, ಮಾಡಲೂ ಇಲ್ಲ. ಆದರೆ ಶನಿವಾರ ಬೆಳಗಿನ ಶಾಲೆ ಬಿಟ್ಟೊಡನೆ ಹೈವೇಗೆ ಬಂದು, ಸಿಕ್ಕ ಬಸ್ಸು ಹತ್ತಿ ಕರ್ನಾಟಕ ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗುತ್ತಿದ್ದೆ. ಧಾರವಾಡದಲ್ಲಿ ಅಂಥವರು ಯಾರಿದ್ದಾರೆ ಅಂತ ಮನೆಯವಳು ಕೇಳಿದಳು. ಹಿಗ್‌ಮನ್ ಇದ್ದಾನೆ ಅಂದೆ.

ಗ್ರಹಾಂ ಹಿಗ್‌ಮನ್ 1940ರಲ್ಲಿ ತೋರಿಸಿದ್ದು ನಿನಗೆ ಗೊತ್ತೇ ಇದೆ. ಚಕ್ರೀಯ ಗ್ರೂಪಿನ ಗಾತ್ರ 1, 2, 3, 4 ಅಥವಾ 6 ಆಗಿದ್ದರೆ, ಅದರ ಪೂರ್ಣಾಂಕ ಗ್ರೂಪ್ ರಿಂಗಿನಲ್ಲಿ ಗ್ರೂಪಿನ ಅಂಶಗಳು ಮತ್ತು ಅವುಗಳ ಋಣರೂಪ ಬಿಟ್ಟು ಬೇರೆ ಯೂನಿಟ್ಟೇ, ಅಂದರೆ ಇನ್ನೊಂದರಿಂದ ಗುಣಿಸಿದರೆ 1 ಕೊಡುವ ಅಂಶವೇ, ಇಲ್ಲ. ಐದಕ್ಕೆ ಬಾ, ನವಿಲುತೀರ್ಥದ ಗೇಟು ತೆಗೆದಂತೆ. ಗ್ರೂಪಿನ ಜನಕ ಅಂಶವನ್ನು ಕ ಅಂದು, ಕ⁵ = 1 ಇಟ್ಟುಕೊಂಡು (ಕ + ಕ⁴ − 1) ಅನ್ನು (ಕ² + ಕ³ − 1) ರಿಂದ ಗುಣಿಸಿದರೆ ಎಲ್ಲ ಪದವೂ ಹೊಡೆದುಹೋಗಿ 1 ಉಳಿಯುತ್ತದೆ. ಆ ಯೂನಿಟ್ಟನ್ನು ಎಷ್ಟು ಸಲ ತನ್ನಿಂದಲೇ ಗುಣಿಸಿದರೂ ಮತ್ತೆ 1 ಬರುವುದಿಲ್ಲ. ಊರೆಲ್ಲ ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿದ್ದಾಗ ನಾನು ಕೋಣೆಯಲ್ಲಿ ಕೂತು ಇದನ್ನು ಗುಣಿಸಿ ನೋಡಿದ್ದೆ.

ಇದು ವಿಲಾಯತಿ ಶೋಕಿ ಅಂತ ಸಹೋದ್ಯೋಗಿಯೊಬ್ಬರು ನಗುತ್ತಿದ್ದರು. ಯಾವ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ವರ್ಗ ಬರುತ್ತದೆ ಅಂತ ಕೇಳಿದೆ. ಭಾಸ್ಕರಾಚಾರ್ಯ 1150ರಲ್ಲೇ ಬಿಡಿಸಿದ್ದು. ಕನಿಷ್ಠ ಉತ್ತರ 226153980ರ ವರ್ಗ. ಅದೂ ಯೂನಿಟ್ ಹುಡುಕುವ ಲೆಕ್ಕವೇ. ಅವರು ಚಹಾ ತರಿಸಿದರು.

ಆಮೇಲೆ ಲೂಥರ್ ಮತ್ತು ಪಾಸಿ ಅವರ 1989ರ ಲೇಖನ ಓದಿದೆ. ಬರೆದವರು ಇಬ್ಬರೂ ನಮ್ಮ ದೇಶದವರು. ಅಚ್ಚಾದದ್ದು ಸಿ.ವಿ. ರಾಮನ್ ಕಟ್ಟಿದ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಬರೀ ಐದು ಪುಟ. 60 ಅಂಶಗಳ ಎ-ಐದು ಗ್ರೂಪಿಗೆ, ಗ್ರೂಪ್ ರಿಂಗಿನ ಯೂನಿಟ್ಟುಗಳ ಬಗೆಗಿನ ಜಾಸನ್‌ಹೌಸ್ ಊಹೆ ನಿಜ ಅಂತ ಅದರಲ್ಲಿ ಸಾಧಿಸಿದರು. ಸಾಧಿಸಲು ಹಿಡಿದ ದಾರಿಗೆ ಇವತ್ತಿಗೂ ಅವರಿಬ್ಬರದೇ ಹೆಸರು. ಎಲ್ಲ ಸಾಂತ ಗ್ರೂಪಿಗೂ ನಿಜವಿರಬಹುದು ಅಂದುಕೊಂಡಿದ್ದ ಆ ಊಹೆಯನ್ನು 2018ರಲ್ಲಿ ಐಸೆಲೆ ಮತ್ತು ಮಾರ್ಗೋಲಿಸ್ ಮುರಿದರು. ಹಾಗಾದರೆ ಯಾವ ಗ್ರೂಪಿಗೆ ನಿಜ, ಯಾವುದಕ್ಕೆ ಸುಳ್ಳು? ಕೆಲಸ ಮುಗಿದಿಲ್ಲ ತಂಗಿ, ನಿನ್ನಂಥವರಿಗೆ ಬೇಕಾದಷ್ಟಿದೆ.

ಎರಡೂ ಬದಿ ತೂಗಿ ನೋಡು, ನಾನು ಒತ್ತಾಯ ಮಾಡುವವನಲ್ಲ. ಆದರೆ "ಮೊದಲು ನೌಕರಿ, ಆಮೇಲೆ ಪಿಎಚ್.ಡಿ." ಅಂದೆಯಂತೆ. ಯಾರು ಕಲಿಸಿದರು ನಿನಗೆ ಇದನ್ನು? ಚುನಾವಣೆ ಡ್ಯೂಟಿ, ಜನಗಣತಿ, ಕಡತ, ಸಭೆ ಇವುಗಳ ನಡುವೆ ಲೂಥರ್-ಪಾಸಿ ದಾರಿಯ ಪಾರ್ಶಿಯಲ್ ಆಗ್ಮೆಂಟೇಶನ್ ಲೆಕ್ಕ ಹಾಕುತ್ತೀಯಾ? ನನಗೆ ಬೇರೆ ದಾರಿ ಇರಲಿಲ್ಲ. ನಿನಗೆ ಅಣ್ಣ ದುಡಿಯುತ್ತಾನೆ, ಸೀಟು ಸಿಗುವ ಅಂಕ ಇದೆ. ಹೆದರಿಕೆಗೆ ಜವಾಬ್ದಾರಿ ಅಂತ ಹೆಸರಿಡಬೇಡ.

ಬಿರುಸಾಯಿತೇನೋ. ಇರಲಿ, ಹೊಟ್ಟೆಪಾಡಿನ ಮಾತನ್ನೂ ಆಡೋಣ. ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಎನ್‌ಬಿಎಚ್‌ಎಂ ವಿದ್ಯಾರ್ಥಿವೇತನದ ಪರೀಕ್ಷೆಯೂ ಇದೆ. ಅರ್ಜಿಗಳ ಶುಲ್ಕ ನನ್ನದು, ನಿಮ್ಮಪ್ಪನಿಗೆ ಒಪ್ಪಿಸುವ ಜವಾಬ್ದಾರಿಯೂ ನನ್ನದೇ. ಕೋಚಿಂಗ್ ಫೀ ಕಟ್ಟಿದ್ದರೆ ಹೋಗಲಿ ಬಿಡು.

ನೌಕರಿಯನ್ನೇ ಹಿಡಿದರೂ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಬೇಡ. ಮನೆಯವಳು ನಿನಗಾಗಿ ಕರದಂಟು ತೆಗೆದಿಟ್ಟಿದ್ದಾಳೆ. ಬರುವಾಗ ಏಳರ ಚಕ್ರೀಯ ಗ್ರೂಪಿನ ಲೆಕ್ಕ ಮಾಡಿಕೊಂಡು ಬಾ. ಐದರಲ್ಲಿ ಅನಂತ ಘಾತದ ಸ್ವತಂತ್ರ ಯೂನಿಟ್ ಒಂದೇ ಇತ್ತು, ಏಳರಲ್ಲಿ ಎರಡಿವೆ. ಎರಡನ್ನೂ ಕೈಯಿಂದಲೇ ಹುಡುಕಬೇಕು, ಕಂಪ್ಯೂಟರನ್ನು ಕೇಳಕೂಡದು.

ನಿನ್ನ ಮೇಷ್ಟ್ರು