ಮೊತ್ತ ನೀನೇ ಕೂಡು, ಮಗಳೇ

ಹಿರೇಗುಂಟನೂರಿನಿಂದ ಚಿತ್ರದುರ್ಗದ ಕೋರ್ಟಿಗೆ ಬಸ್ಸು ಹತ್ತುವ ಕಿರಿಯ ವಕೀಲೆಗೆ,

ಮಗಳೇ, ಷೇರು ಹಗರಣಗಳ ಕೇಸು ನಡೆಸಬೇಕು, ಅದಕ್ಕೆ ಮುಂಬೈಗೇ ಹೋಗಬೇಕು, ದುರ್ಗದಲ್ಲಿರುವುದು ಬರೀ ಚೆಕ್ ಬೌನ್ಸ್ ಎಂದು ನಿನಗೆ ಬೇಸರವಂತೆ. ಹೋಗು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಕೈಯಲ್ಲಿರುವ ಕಡತವನ್ನು ಸಣ್ಣದೆಂದು ಬದಿಗೆ ತಳ್ಳಬೇಡ.

1992ರ ಹರ್ಷದ್ ಮೆಹ್ತಾ ಹಗರಣ ಷೇರುಪೇಟೆಯದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಹಣ ಸೋರಿದ್ದು ಬ್ಯಾಂಕುಗಳ ಒಳಗಿನಿಂದ. ಸರ್ಕಾರಿ ಸಾಲಪತ್ರ ಮಾರಿದ ಬ್ಯಾಂಕು ಪತ್ರದ ಬದಲು ‘ಬ್ಯಾಂಕ್ ರಸೀದಿ’ ಕೊಡುವ ರೂಢಿಯಿತ್ತು, ನಡುವೆ ದಲ್ಲಾಳಿಗಳು. ಬ್ಯಾಂಕ್ ಆಫ್ ಕರಾಡ್ ಮತ್ತು ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕು ಬರೆದುಕೊಟ್ಟ ಎಷ್ಟೋ ರಸೀದಿಗಳ ಹಿಂದೆ ಸಾಲಪತ್ರವೇ ಇರಲಿಲ್ಲ. ಅಂಥ ಕಾಗದ ಹಿಡಿದು ಕೂತವರಲ್ಲಿ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಒಂದು. 1906ರಲ್ಲಿ ಮಂಗಳೂರಿನಲ್ಲಿ ಆ ಬ್ಯಾಂಕಿಗೆ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ವಕೀಲರೇ ಆಗಿದ್ದರು ಎಂಬುದು ನೆನಪಾದಾಗ ಸಂಕಟವಾಗುತ್ತದೆ.

ಹಗರಣ ಬಯಲಾದ 1992ರಲ್ಲೇ ಹೊಸ ಕಾಯ್ದೆ ಬಂದು ಮುಂಬೈಯಲ್ಲಿ ವಿಶೇಷ ನ್ಯಾಯಾಲಯ ಶುರುವಾಯಿತು. ವಿಚಾರಣೆಗೆ ಹೈಕೋರ್ಟಿನ ಹಾಲಿ ನ್ಯಾಯಮೂರ್ತಿಯೇ ಕೂರಬೇಕು. ಮೇಲ್ಮನವಿ ನೇರ ಸುಪ್ರೀಂ ಕೋರ್ಟಿಗೆ. ಹಾಗೆ ಮೇಲೆ ಹೋದದ್ದರಲ್ಲಿ ಒಂದು ದಲ್ಲಾಳಿ ಹಿತೇನ್ ದಲಾಲ್ ಅವರ ಕೇಸು. ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿಗೆ ಅವರು ಕೊಟ್ಟಿದ್ದ ನಾಲ್ಕು ಚೆಕ್ಕುಗಳು ಬೌನ್ಸ್ ಆಗಿದ್ದವು. ನಿನಗೆ ಬೇಸರ ತಂದ ಚೆಕ್ ಬೌನ್ಸಿನ ಅದೇ 138ನೇ ಕಲಮು! ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಮೊದಲು ಭಾವಿಸಲೇಬೇಕು, ಅಲ್ಲವೆನ್ನುವವರು ಬಾಯಿಮಾತಿನ ಸಮಜಾಯಿಷಿ ಕೊಟ್ಟರೆ ಸಾಲದು ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2010ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ರಂಗಪ್ಪ–ಮೋಹನ್ ಪ್ರಕರಣದಲ್ಲೂ ಇದೇ ಪ್ರಶ್ನೆ ಎದ್ದಿತು. ಅಲ್ಲಿದ್ದದ್ದು 45 ಸಾವಿರ ರೂಪಾಯಿಯ ಚೆಕ್ಕು. ಹಗರಣದ ಕಾಲದ ತೀರ್ಪೂ ಕೈಸಾಲದ ತೀರ್ಪೂ ಇವತ್ತು ತಾಲ್ಲೂಕು ಕೋರ್ಟಿನ ವಾದದಲ್ಲಿ ಜೊತೆಗೇ ಕೇಳಿಸುತ್ತವೆ.

ಇನ್ನು ಬೆಳಪು ವಾಸುದೇವ ಆಚಾರ್ಯ. ಬಿ.ವಿ. ಆಚಾರ್ಯ ಎಂದರೆ ಬೇಗ ಗುರುತು ಸಿಗುತ್ತದೆ. ಉಡುಪಿ ಸೀಮೆಯವರು, ಐದು ಸಲ ರಾಜ್ಯದ ಅಡ್ವೊಕೇಟ್ ಜನರಲ್ ಆದವರು. ಅವರು ಹೆಸರಾದದ್ದು ಷೇರು ಹಗರಣದಿಂದಲ್ಲ, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಿಂದ. ಆದರೂ ಹಣದ ಜಾಡು ಹಿಡಿಯುವ ವಕೀಲಿಕೆಗೆ ಕನ್ನಡನಾಡಿನಲ್ಲಿ ಇದಕ್ಕಿಂತ ದೊಡ್ಡ ಪಾಠ ಸಿಗುವುದು ಕಷ್ಟ. 2003ರಲ್ಲಿ ಸುಪ್ರೀಂ ಕೋರ್ಟ್ ಆ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ಆಚಾರ್ಯರು ವಿಶೇಷ ಸರ್ಕಾರಿ ಅಭಿಯೋಜಕರಾದರು. ಎರಡು ಹುದ್ದೆ ಒಟ್ಟಿಗೆ ಬೇಡವೆಂಬ ಒತ್ತಡ ಬಂದಾಗ, 2012ರಲ್ಲಿ ಅವರು ಬಿಟ್ಟದ್ದು ಅಡ್ವೊಕೇಟ್ ಜನರಲ್ ಗಾದಿಯನ್ನು. ಅದೇ ವರ್ಷ ಅಭಿಯೋಜಕರ ಕೆಲಸವನ್ನೂ ಬಿಡಬೇಕಾಯಿತು.

2015ರ ಏಪ್ರಿಲ್ ಕೊನೆಗೆ ಮತ್ತೆ ಕರೆ ಬಂತು. ವಿಚಾರಣಾ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿನಲ್ಲಿ ಮೇಲ್ಮನವಿಯ ವಾದ ಮುಗಿದೇಹೋಗಿತ್ತು. ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಲಿಖಿತ ವಾದ ಸಲ್ಲಿಸಲು ಕೊಟ್ಟದ್ದು ಒಂದೇ ದಿನ. ಆಚಾರ್ಯರು ಸಲ್ಲಿಸಿದರು. ಮೇ 11ಕ್ಕೆ ಹೈಕೋರ್ಟಿನಲ್ಲಿ ಜಯಲಲಿತಾ ಸೇರಿ ನಾಲ್ವರೂ ಆರೋಪಿಗಳು ಖುಲಾಸೆ. ಆಸ್ತಿ ಆದಾಯಕ್ಕಿಂತ ಹೆಚ್ಚಿದ್ದದ್ದು ಶೇ. 8.12 ಮಾತ್ರ, ಅದು ಒಪ್ಪಬಹುದಾದ ಶೇ. 10ರೊಳಗೇ ಇದೆ ಎಂದಿತು ತೀರ್ಪು. ಆದರೆ ಅದರಲ್ಲಿ ಆದಾಯವೆಂದು ಹಿಡಿದಿದ್ದ ಹತ್ತು ಸಾಲಗಳ ಪಟ್ಟಿಯ ಮೊತ್ತ ತಾಳೆಯಾಗುತ್ತಿರಲಿಲ್ಲ. 10.67 ಕೋಟಿ ಆಗಬೇಕಾದಲ್ಲಿ 24.17 ಕೋಟಿ ಎಂದಿತ್ತು. ಹದಿಮೂರೂವರೆ ಕೋಟಿಯ ವ್ಯತ್ಯಾಸ! ಅದು ಸರಿಹೋದರೆ ಶೇ. 8 ಇದ್ದದ್ದು 76 ದಾಟುತ್ತದೆ. ಆಚಾರ್ಯರು ಇದನ್ನು ತಡಮಾಡದೆ ಎತ್ತಿ ಹೇಳಿದರು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಹೋಗಿದ್ದರು. ಉಳಿದ ಮೂವರು ಜೈಲಿಗೆ ಹೋದರು.

ಹದಿಮೂರೂವರೆ ಕೋಟಿಯ ಆ ತಪ್ಪು ಹಿಡಿಯಲು ಬೇಕಾದದ್ದು ಮೂರನೇ ಕ್ಲಾಸಿನ ಕೂಡುವ ಲೆಕ್ಕ, ಜೊತೆಗೆ ಕೊನೆಯ ಸಾಲಿನವರೆಗೆ ಓದುವ ತಾಳ್ಮೆ. ಪಾಟಿ ಸವಾಲಿನ ಚುರುಕು ಆಮೇಲೆ ಬರುತ್ತದೆ, ಮಗಳೇ. ಮುಂದಿನ ವಾಯಿದೆಗೆ ಮುಂಚೆ ಕಕ್ಷಿದಾರರ ಬ್ಯಾಂಕ್ ಖಾತೆಯ ವಿವರ ತರಿಸು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯನ್ನು ಪೂರ್ತಿ ಓದು, ಚಿಕ್ಕದೇ ಇದೆ. ದೃಢೀಕರಿಸಿದ ನಕಲಿದ್ದರೆ ಮೂಲ ಲೆಡ್ಜರನ್ನು ಕೋರ್ಟಿಗೆ ಹೊತ್ತು ತರಬೇಕಾಗಿಲ್ಲ; ಕಂಪ್ಯೂಟರ್ ಪ್ರತಿಯಾದರೆ ಬ್ಯಾಂಕಿನ ಪ್ರಮಾಣಪತ್ರ ಜೊತೆಗಿದೆಯೇ ನೋಡಿಕೋ. ಆಮೇಲೆ ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಕೂಡುತ್ತಾ ಬಾ.

ಇತಿ,
ನಿನ್ನ ಹಿತ ಬಯಸುವ ಊರಿನ ಹಿರಿಯ