ಗುಂಡುಕಲ್ಲಿನಂಥವರಿಗೂ ಬೇಕು ಈ ಐದು ಎಚ್ಚರ

‘ದಿನಾ ಗುಡ್ಡ ಹತ್ತಿ ಇಳಿಯೋರು ನಾವು, ನಮಗೆಲ್ಲಿ ಬಿಪಿ, ಶುಗರ್ರು?’ ಮೂಡಿಗೆರೆ, ಕಳಸ ಕಡೆಯ ತೋಟಗಳಲ್ಲಿ ಈ ಮಾತು ಮಾಮೂಲು. ಮೈಬಗ್ಗಿಸಿ ದುಡಿಯುವುದು, ಹಿತಮಿತವಾಗಿ ಉಣ್ಣುವುದು, ಬೀಡಿ, ಕುಡಿತದಿಂದ ದೂರವಿರುವುದು ರೋಗದ ಸಾಧ್ಯತೆಯನ್ನು ಖಂಡಿತ ತಗ್ಗಿಸುತ್ತದೆ. ಆದರೆ ಇಲ್ಲವಾಗಿಸುವುದಿಲ್ಲ. ಕಸರತ್ತಿಗೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು, ವಂಶವಾಹಿ, ಸೋಂಕು ನಮ್ಮ ಶಿಸ್ತಿನ ಮಾತು ಕೇಳುವುದಿಲ್ಲ. ಒಳ್ಳೆಯ ಅಭ್ಯಾಸ ಮುಂದುವರಿಸಿ, ಜೊತೆಗೆ ಇಷ್ಟನ್ನು ಮಾಡಿ.

1. ಮನೆತನದ ಕಾಯಿಲೆ ತಿಳಿದುಕೊಳ್ಳಿ
ತಂದೆ, ಅಣ್ಣತಮ್ಮಂದಿರಿಗೆ 55 ವರ್ಷದೊಳಗೆ ಅಥವಾ ತಾಯಿ, ಅಕ್ಕತಂಗಿಯರಿಗೆ 65ರೊಳಗೆ ಹೃದಯಾಘಾತ ಆಗಿದ್ದರೆ ವೈದ್ಯರಿಗೆ ತಿಳಿಸಿ. ತೆಳ್ಳಗಿದ್ದರೂ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಕೆಲವು ಕುಟುಂಬಗಳಲ್ಲಿ ಅದು ಹುಟ್ಟಿನಿಂದಲೇ ಹೆಚ್ಚಿರುತ್ತದೆ, ಬರೀ ಪಥ್ಯಕ್ಕೆ ಇಳಿಯುವುದಿಲ್ಲ.

2. ಮೂವತ್ತು ದಾಟಿದರೆ ತಪಾಸಣೆ
ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಬಿಪಿ ಮತ್ತೆ ಮತ್ತೆ 140/90 ಮುಟ್ಟಿದರೆ ಅಥವಾ ಬರಿಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣಿ. ‘ಚೆನ್ನಾಗೇ ಇದ್ದೀನಲ್ಲ’ ಎಂದು ಮಾತ್ರೆ ಬಿಡಬೇಡಿ. ಬಿಪಿ ಏರಿದ್ದು ಬಹುತೇಕರಿಗೆ ಗೊತ್ತೇ ಆಗುವುದಿಲ್ಲ.

3. ‘ಗ್ಯಾಸ್ಟ್ರಿಕ್’ ಎಂದು ಕೂರಬೇಡಿ
ಕಾಫಿ ಕುಯ್ಲಿನ ಹೊತ್ತು. ಹಣ್ಣಿನ ಚೀಲ ಇಳಿಸಿದವರು ಎದೆ ನೀವಿಕೊಂಡು ಕಣದ ಅಂಚಿಗೆ ಕೂರುತ್ತಾರೆ. ತಣ್ಣನೆಯ ಗಾಳಿಯಲ್ಲೂ ಅಂಗಿ ಒದ್ದೆ. ಯಾರೋ ಸೋಡಾ ತರುತ್ತಾರೆ, ಇನ್ಯಾರೋ ಜೀರಿಗೆ ಕಷಾಯ ಕಾಯಿಸುತ್ತಾರೆ. ಜೀವ ಉಳಿಸುವ ಹೊತ್ತು ಹೀಗೇ ಜಾರಿಹೋಗುತ್ತದೆ. ಎದೆ ಹಿಂಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು ಇವು ಅಪಾಯದ ಸೂಚನೆಗಳು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆ ಬರೀ ಏದುಸಿರು, ಸುಸ್ತು, ವಾಕರಿಕೆ ಇರಬಹುದು. ತಕ್ಷಣ ಇಸಿಜಿ ಮಾಡಿಸಿ.

4. ಆಸ್ಪತ್ರೆಯ ದಾರಿ ಮೊದಲೇ ಗೊತ್ತುಮಾಡಿ
ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ. 108ರ ಜೊತೆಗೆ ಹತ್ತಿರದ ಇಬ್ಬರು ಜೀಪಿನವರ ನಂಬರನ್ನು ಗೋಡೆಯ ಮೇಲೆ ಬರೆದಿಡಿ. ಸಿಗ್ನಲ್ ಎಲ್ಲಿ ಸಿಗುತ್ತದೆಂದು ಕಾರ್ಮಿಕರ ಲೈನ್ ಮನೆಯ ಎಲ್ಲರಿಗೂ ತಿಳಿದಿರಲಿ. ಎದೆನೋವು ಬಂದವರು ತಾವೇ ವಾಹನ ಓಡಿಸಬಾರದು. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಲಾಗುತ್ತದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.

5. ಕಾಡಿಗೆ ಹೋಗಿ ಬಂದ ಮೇಲಿನ ಜ್ವರ
1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿದರೆ ಬರುತ್ತದೆ. ಅದಕ್ಕೆ ಗಟ್ಟಿ ಆಳು, ಬಡಕಲು ಆಳು ಎಂಬ ಭೇದವಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಸೌದೆಗೆ, ದರಗಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಮೈತುಂಬ ಬಟ್ಟೆ ತೊಡಿ. ಬಂದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಕೊನೆಯದಾಗಿ, ಹಾಸಿಗೆ ಹಿಡಿದವರ ಮುಂದೆ ‘ಅದೇನು ತಿಂದ್ರೋ, ಏನು ಮಾಡ್ಕೊಂಡ್ರೋ’ ಎನ್ನಬೇಡಿ. ಆ ಮಾತಿಗೆ ಅಂಜಿ ಕಾಯಿಲೆ ಮುಚ್ಚಿಡುವವರಿದ್ದಾರೆ, ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ. ‘ನಡೀರಿ, ಆಸ್ಪತ್ರೆಗೆ ಹೋಗಿ ಬರೋಣ’ ಎನ್ನಿ.